ಮೊದಲ ಹಲ್ಲು ಮನೆಯವರಿಗೆ

ಪುಟ್ಟಿ ಕೆಲಸಕ್ಕಿದ್ದ ಹಲ್ಲಿನ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಕಲಿಯಲು ಬಂದವರು ಮೊದಲು ಪ್ಲಾಸ್ಟರ್ ಅಚ್ಚು ಎರೆಯಬೇಕು, ಆಮೇಲೆ ದವಡೆ ಹಲ್ಲಿನ ಕ್ಯಾಪುಗಳನ್ನು ಮಾಡಬೇಕು. ಅದೆಲ್ಲ ಕೈಗೆ ಹತ್ತಿದ ಮೇಲೆ, ನಕ್ಕರೆ ಕಾಣುವ ಮುಂದಿನ ಹಲ್ಲುಗಳ ಮೇಜಿಗೆ ಬರುವ ಮುನ್ನ, ತಮ್ಮ ಮನೆಯವರದೇ ಒಂದು ಬಾಯಿಗೆ ಹಲ್ಲು ಮಾಡಿ ಕೂರಿಸಬೇಕು. ಲ್ಯಾಬ್ ನಡೆಸುತ್ತಿದ್ದ ಮೇಷ್ಟ್ರು ಇದಕ್ಕೆ ಕೊಡುತ್ತಿದ್ದ ಕಾರಣ ಸರಳವಾಗಿತ್ತು. ಬೇರೆಯವರಿಗೆ ಮಾಡಿದ ಹಲ್ಲು ಕ್ಲಿನಿಕ್ಕಿಗೆ ಹೋದ ಮೇಲೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಮನೆಯವರ ಹಲ್ಲು ದಿನಾ ಊಟದ ಹೊತ್ತಿಗೆ ಎದುರಿಗೇ ಕೂತಿರುತ್ತದೆ. ಕೆಲವು ವಾರ ಕಳೆದ ಮೇಲೆ ಅವರು ಆ ಮನೆಯವರನ್ನು ಕರೆಸಿ, ಬಾಯಿ ನೋಡಿ, ಕಲಿತವರಿಗೆ ಮುಂದಿನ ಹಲ್ಲಿನ ಮೇಜು ಕೊಡಬೇಕೋ ಬೇಡವೋ ಎಂದು ಹೇಳುತ್ತಿದ್ದರು.

ಹಾಗಾಗಿ ಪುಟ್ಟಿಗೆ ಒಂದು ಬಾಯಿ ಬೇಕಾಯಿತು.

ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದವರು ಮೂವರು. ಅಪ್ಪನ ತಾಯಿ, ಅಂದರೆ ಅಜ್ಜಿ, ಮೇಲೆ ಕೆಳಗೆ ಎರಡೂ ಕಟ್ಟಿಸಿದ ಹಲ್ಲಿನವಳು. ಬೇಕಾದರೆ ಬಾಯಿಯನ್ನೇ ಬಿಚ್ಚಿ ಕೈಗೆ ಕೊಡುತ್ತೇನೆ, ಲ್ಯಾಬಿಗೆ ತೆಗೆದುಕೊಂಡು ಹೋಗು, ಊಟದ ಹೊತ್ತಿಗೆ ಮಾತ್ರ ತಂದುಬಿಡು ಎಂದು ನಗೆಯಾಡಿದಳು. ಬೇಕರಿಯಲ್ಲಿ ಬ್ರೆಡ್ ಸುಡುವ ಅಪ್ಪ, ಸೂಜಿ ಎಂಬ ಮಾತು ಕೇಳಿದರೇ ಬೆವರುವವನು, ತನ್ನ ಹಲ್ಲು ಕಲ್ಲಿನ ಹಾಗಿದೆ ಎಂದು ಎದ್ದು ಹೋದ. ಉಳಿದವಳು ಅಮ್ಮ.

ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ವೇದಿಕೆ ಹತ್ತುವವರ ಉಡುಪಿಗೆ ಮಣಿ ಕೂರಿಸುವುದರಲ್ಲಿ ಅವಳ ಕೈ ಚೆನ್ನಾಗಿದೆ ಎಂದು ಬೀದಿಯಲ್ಲೆಲ್ಲ ಹೆಸರಿತ್ತು. ಹುಡುಗಿಯಾಗಿದ್ದಾಗಿನಿಂದ ದಾರವನ್ನು ಹಲ್ಲಿನಲ್ಲೇ ಕಡಿಯುವ ಅಭ್ಯಾಸ. ಎಳೆದೆಳೆದು ಮುಂದಿನ ಹಲ್ಲುಗಳ ಅಂಚು ಸವೆದು, ನಡುವಿನ ಎರಡರಲ್ಲಿ ಗರಗಸದ ಹಾಗೆ ಕಚ್ಚು ಬಿದ್ದಿತ್ತು. ಬಣ್ಣವೂ ಮಂಕಾಗಿತ್ತು. ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಅಡ್ಡ ಬರುತ್ತಿತ್ತು; ಆ ಕೈಯಲ್ಲಿ ಬಟ್ಟೆಯಿದ್ದರೆ ಬಟ್ಟೆಯೇ ಬರುತ್ತಿತ್ತು.

ಮಾಡಬೇಕಾದದ್ದು ಮುಂದಿನ ನಾಲ್ಕು ಹಲ್ಲಿಗೆ ವೆನೀರ್. ಅಂದರೆ ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಚಿಪ್ಪು. ಹಲ್ಲಿನ ಮುಂಭಾಗವನ್ನು ಸ್ವಲ್ಪವೇ ಉಜ್ಜಿ ಅದರ ಮೇಲೆ ಅಂಟಿಸುತ್ತಾರೆ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಬದುಕಿರುವಷ್ಟು ದಿನವೂ ಅದರ ಮೇಲೆ ಏನಾದರೊಂದು ಹೊದಿಕೆ ಇರಲೇಬೇಕು ಎಂದು ಕ್ಲಿನಿಕ್ಕಿನ ಡಾಕ್ಟರಮ್ಮ ಮೊದಲೇ ಬಿಡಿಸಿ ಹೇಳಿದ್ದರು. ಅಪ್ಪ ಅದನ್ನು ಕೇಳಿ ಅಮ್ಮನ ಕಡೆ ತಿರುಗಿದ.

"ಮಗಳ ಕಲಿಕೆಗೆ ನಿನ್ನ ಹಲ್ಲೇ ಆಗಬೇಕಾ?" ಎಂದ.

"ಇನ್ಯಾರದ್ದು ಆಗಬೇಕು, ಪಕ್ಕದ ಮನೆಯವರದ್ದಾ?" ಎಂದಳು ಅಮ್ಮ.

ಪುಟ್ಟಿ ಆ ನಾಲ್ಕು ಚಿಪ್ಪುಗಳಿಗೆ ಜೀವ ಕೊಟ್ಟು ದುಡಿದಳು. ಪುಡಿಯನ್ನು ನೀರಲ್ಲಿ ಕಲಸಿ, ಕುಂಚದಲ್ಲಿ ಪದರ ಪದರವಾಗಿ ಹಚ್ಚಿ, ಕುಲುಮೆಯಲ್ಲಿ ಸುಟ್ಟು, ಸರಿಬರದಿದ್ದರೆ ಮುರಿದು ಮತ್ತೆ ಹಚ್ಚಿದಳು. ನಾವಿಬ್ಬರೂ ಹಿಟ್ಟು ಕಲಸಿ ಸುಡುವವರೇ ಬಿಡು, ನನ್ನದು ಕಡಿಯೋಕೆ, ನಿನ್ನದರಲ್ಲಿ ಕಡಿಯೋದು ಎಂದು ಅಪ್ಪ ಹೆಮ್ಮೆಪಡುತ್ತಿದ್ದ. ಕೂರಿಸಿದ ದಿನ ಅಮ್ಮ ಮನೆಗೆ ಬಂದು ಕನ್ನಡಿಯ ಮುಂದೆ ನಿಂತಳು. ಸುಣ್ಣ ಬಳಿದ ಬಿಳುಪಲ್ಲ. ಅವಳ ವಯಸ್ಸಿಗೆ, ಅವಳ ಮೈಬಣ್ಣಕ್ಕೆ ಒಪ್ಪುವ, ಅಂಚಿನಲ್ಲಿ ಬೆಳಕು ತೂರುವಂಥ ಹಲ್ಲು. ಅಮ್ಮ ಕೈ ಅಡ್ಡ ಹಿಡಿಯದೆ ನಕ್ಕಳು. ಅಜ್ಜಿ ಸೊಸೆಯ ಮುಖವನ್ನೇ ನೋಡುತ್ತಾ, ಇವಳಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತೆ ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ ಎಂದಳು.

ಇನ್ನು ದಾರ ಕಡಿಯುವ ಹಾಗಿಲ್ಲ, ಗುಂಡುಪಿನ್ನು ಕಚ್ಚಿ ಹಿಡಿಯುವ ಹಾಗಿಲ್ಲ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅಪ್ಪ ಮರುದಿನವೇ ಒಂದು ಪುಟ್ಟ ಕತ್ತರಿ ತಂದು ರಿಬ್ಬನ್ ಕಟ್ಟಿ ಅಮ್ಮನ ಕೊರಳಿಗೆ ಹಾಕಿದ. ಅಜ್ಜಿ ಯಂತ್ರದ ಪಕ್ಕ ಕೂತು, ಅಮ್ಮನ ತಲೆ ದಾರದ ಕಡೆಗೆ ಬಾಗಿದರೆ ಕೆಮ್ಮುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಹಾಡುಗಾರ್ತಿಯೊಬ್ಬಳ ಉಡುಪು ಸಂಜೆಯೊಳಗೆ ಕೊಡಬೇಕಾಗಿತ್ತು. ಅಮ್ಮನ ಮಡಿಲ ತುಂಬ ಬಿಳಿಯ ಮಣಿ. ಕೊನೆಯ ಸಾಲಿನ ದಾರ ಬಿಗಿದು ಗಂಟಾಯಿತು, ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸೂಜಿ. ಕತ್ತರಿ ಕೊರಳಲ್ಲೇ ತೂಗುತ್ತಿತ್ತು. ಅಮ್ಮ ಬಾಗಿ ಕಚ್ಚಿ ಎಳೆದಳು.

ಮಡಿಲಲ್ಲಿ ಏನೋ ಬಿದ್ದ ಸಣ್ಣ ಸದ್ದಾಯಿತು. ನಾಲಿಗೆ ಹೊರಳಿಸಿ ನೋಡಿದರೆ ನಡುವಿನ ಎಡಗಡೆಯ ಹಲ್ಲು ಒರಟು. ಅಮ್ಮ ಮಡಿಲಿನ ಮಣಿಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸುತ್ತಾ ಹುಡುಕಿದಳು. ಎಲ್ಲವೂ ಬಿಳಿ, ಎಲ್ಲವೂ ಹೊಳೆಯುವಂಥವು. ಎದ್ದರೆ ಚೆಲ್ಲುತ್ತದೆ, ಎದ್ದು ಯಾರನ್ನೂ ಕರೆಯುವ ಹಾಗಿಲ್ಲ. ಕೊನೆಗೆ ಚಪ್ಪಟೆಯಾದದ್ದೊಂದು ಬೆರಳಿಗೆ ಸಿಕ್ಕಿತು. ಒಡೆದಿರಲಿಲ್ಲ. ಇಡಿಯಾಗಿ ಕಳಚಿಕೊಂಡಿತ್ತು.

ಆಗ ಅವಳಿಗೆ ನೆನಪಾದದ್ದು ಮಗಳು ಊಟಕ್ಕೆ ಕೂತಾಗ ಹೇಳಿದ್ದ ಮಾತು. ವೆನೀರ್ ಬಿದ್ದರೆ ಅದು ಮಾಡಿದವರ ತಪ್ಪು, ಅಂಟಿಸಿದವರ ತಪ್ಪು, ಇಲ್ಲವೇ ಹಾಕಿಕೊಂಡವರ ತಪ್ಪು. ಆದರೆ ಕಲಿಯುವವರ ಕೈಕೆಲಸ ಬಿದ್ದರೆ ಯಾರೂ ಮಿಕ್ಕ ಇಬ್ಬರನ್ನು ಕೇಳುವುದಿಲ್ಲ ಎಂದಿದ್ದಳು. ಮೇಷ್ಟ್ರು ಅಮ್ಮನನ್ನು ಕರೆಸುವ ದಿನ ಇನ್ನೂ ದೂರವಿತ್ತು.

ಮೇಜಿನ ಮೇಲೆ ಮಣಿ ಅಂಟಿಸುವ ಗಮ್ಮಿನ ಟ್ಯೂಬ್ ಇತ್ತು. ಎಷ್ಟು ಒಗೆದರೂ ಬಿಡದು ಎಂದು ಅದರ ಮೇಲೆ ಬರೆದಿತ್ತು.

ಆ ರಾತ್ರಿ ಊಟದಲ್ಲಿ ಏನೂ ಆಗಲಿಲ್ಲ. ಅಮ್ಮನಿಗೆ ಬಾಯಲ್ಲಿ ಗಮ್ಮಿನ ವಾಸನೆಯೊಂದು ಬಿಟ್ಟರೆ ಬೇರೆ ರುಚಿ ತಿಳಿಯಲಿಲ್ಲ, ಅಷ್ಟೆ. ಆದರೆ ಬಟ್ಟೆಗೆ ಹಿಡಿಯುವಂಥದ್ದು ಎಂಜಲಿಗೆ ಹಿಡಿಯಲಿಲ್ಲ. ಎರಡು ದಿನಕ್ಕೆ ಅಲುಗಾಡಿತು. ತೆಗೆದು, ತೊಳೆದು, ಮತ್ತೆ ಹಚ್ಚಿದಳು. ಆಮೇಲೆ ಇದೇ ಒಂದು ಮನೆಗೆಲಸವಾಯಿತು. ಅಪ್ಪನೂ ಮಗಳೂ ಹೊರಗೆ ಹೋದ ಮೇಲೆ ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಅಜ್ಜಿಯ ಕಣ್ಣು ತಪ್ಪಿಸಿ ಹಲ್ಲು ಅಂಟಿಸುವುದು.

ಅಮ್ಮ ನಗುವುದನ್ನು ಬಿಟ್ಟಳು. ಅನ್ನವನ್ನು ಬಲಗಡೆಗೇ ಹಾಕಿಕೊಂಡು, ತಲೆ ಸ್ವಲ್ಪ ವಾಲಿಸಿ ಅಗಿಯುತ್ತಿದ್ದಳು. ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿ ನೆನೆಸಿ ನುಂಗುತ್ತಿದ್ದಳು. ಅಪ್ಪ ಇದನ್ನು ಕಂಡ. ಆವತ್ತಿನಿಂದ ಬೇಕರಿಯಿಂದ ಬರುವಾಗ ಬ್ರೆಡ್ಡಿನ ಸುತ್ತಲಿನ ಗಟ್ಟಿ ಭಾಗವನ್ನು ತಾನೇ ಕತ್ತರಿಸಿ ತೆಗೆದು, ಒಳಗಿನ ಮೆತ್ತನೆಯದನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ಅಂಚನ್ನೆಲ್ಲ ಏನು ಮಾಡಿದೆ ಎಂದು ಅಜ್ಜಿ ಕೇಳಿದರೆ, ದಾರಿಯಲ್ಲಿ ಹಸಿವಾಯಿತು, ತಿಂದೆ ಎನ್ನುತ್ತಿದ್ದ.

ಪುಟ್ಟಿ ಕಂಡದ್ದು ಬೇರೆ. ಒಂದು ಸಂಜೆ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿ ಅಮ್ಮನ ಬಾಯಿಯನ್ನೇ ನೋಡಿದಳು.

"ಅಮ್ಮ, ಸ್ವಲ್ಪ ತುಟಿ ಎತ್ತು."

"ಊಟ ಮಾಡೋವಾಗ ಇದೇನು? ಮಾಡು ಊಟ."

"ಎಡಗಡೇದು ಮಂಕಾಗಿ ಕಾಣ್ತಿದೆ. ವಸಡಿನ ಹತ್ತಿರ ಹಳದಿ ತಿರುಗಿದೆ."

"ಸಾರಿನ ಬಣ್ಣ ಅದು."

ಪುಟ್ಟಿ ಒಪ್ಪಲಿಲ್ಲ. ಅಜ್ಜಿಯ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು, ಅದನ್ನು ಎತ್ತಿಕೊಡುವಷ್ಟರಲ್ಲಿ ಅಮ್ಮ ಅಡುಗೆಮನೆಗೆ ಎದ್ದು ಹೋಗಿದ್ದಳು.

ಅಲ್ಲಿಂದಾಚೆ ಊಟಕ್ಕೆ ಕೂತರೆ ಪುಟ್ಟಿಯ ಕಣ್ಣು ತಟ್ಟೆಯ ಮೇಲಿರುತ್ತಿರಲಿಲ್ಲ. ಅವಳಿಗೆ ತೋಚಿದ ಕಾರಣ ಒಂದೇ: ಚಿಪ್ಪನ್ನು ತಾನು ಅತಿ ತೆಳ್ಳಗೆ ತಿಕ್ಕಿಬಿಟ್ಟಿದ್ದೇನೆ, ಒಳಗಿನ ಹಲ್ಲಿನ ಮಂಕು ಹೊರಕ್ಕೆ ಇಣುಕುತ್ತಿದೆ. ತೆಳು ಪಿಂಗಾಣಿಯ ಹಿಂದೆ ಏನಿದೆಯೋ ಅದು ಮುಂದೆ ಕಾಣುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹಿಂದೆ ಇರುವುದು ಮಣಿಯ ಗಮ್ಮು ಎಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಅಪ್ಪನಿಗೆ ಹಲ್ಲಿನ ಸಂಗತಿ ಏನೂ ತಿಳಿದಿರಲಿಲ್ಲ. ಮಗಳು ದುರುಗುಟ್ಟಿ ನೋಡುವುದು, ಹೆಂಡತಿ ತಲೆ ತಗ್ಗಿಸುವುದು, ಇಷ್ಟೇ ಅವನಿಗೆ ಕಾಣುತ್ತಿದ್ದುದು. ಬೆಳಕು ಕಡಿಮೆಯಾದರೆ ಈ ನೋಟವೂ ಕಡಿಮೆಯಾದೀತು ಎಂದುಕೊಂಡು, ಊಟದ ಮೇಜಿನ ಮೇಲಿದ್ದ ಬಿಳಿಯ ದೀಪ ತೆಗೆದು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಳದಿ ಬಲ್ಬು ಹಾಕಿದ. ಕರೆಂಟು ಉಳಿಯುತ್ತೆ ಎಂದು ಯಾರೂ ಕೇಳುವ ಮೊದಲೇ ಹೇಳಿದ.

ಆ ಸಂಜೆ ಪುಟ್ಟಿ ಅಮ್ಮನ ಬಾಯಿ ನೋಡಿ ಬೆಚ್ಚಿಬಿದ್ದಳು. ಒಂದಲ್ಲ, ನಾಲ್ಕೂ ಹಳದಿಯಾಗಿದ್ದವು. ದೀಪ ಬದಲಾದದ್ದು ಅವಳ ಗಮನಕ್ಕೇ ಬರಲಿಲ್ಲ. ಕಣ್ಣೆತ್ತಿ ಮೇಲೆ ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಎದ್ದು ಹೋಗಿ ಲ್ಯಾಬಿನಿಂದ ತಂದಿದ್ದ ಅಮ್ಮನ ದವಡೆಯ ಪ್ಲಾಸ್ಟರ್ ಅಚ್ಚನ್ನು ತಂದು ಅನ್ನದ ಪಾತ್ರೆಯ ಪಕ್ಕ ಇಟ್ಟುಕೊಂಡಳು. ಊಟ ಮಾಡುವ ಜಾಗದಲ್ಲಿ ಅದನ್ನು ಇಡಬೇಡ, ಯಾರೋ ಬಾಯಿ ಬಿಟ್ಟುಕೊಂಡು ಅನ್ನ ಕೇಳುವ ಹಾಗಿದೆ ಎಂದು ಅಜ್ಜಿ ನಗಿಸಲು ನೋಡಿದಳು. ಅಮ್ಮನಿಗೆ ನಿಜವಾಗಿಯೂ ನಗು ಬಂತು, ತಡೆಯಲಾಗದೆ ತುಟಿ ತೆರೆಯಿತು.

"ನಗಬೇಡಮ್ಮ," ಎಂದಳು ಪುಟ್ಟಿ ಮೆಲ್ಲಗೆ. "ನನಗೆ ನೋಡೋಕಾಗ್ತಿಲ್ಲ."

ಅಮ್ಮನ ಕೈ ಹಿಂದಿನ ಹಾಗೆಯೇ ಬಾಯಿಗೆ ಬಂತು.

ಮರುದಿನ ಬೆಳಿಗ್ಗೆ ಅಜ್ಜಿ ತನ್ನ ಹಲ್ಲಿನ ಬಟ್ಟಲು ತೆಗೆದುಕೊಳ್ಳಲು ಬಚ್ಚಲಿಗೆ ಹೋದಳು. ಬಾಗಿಲು ಓರೆಯಾಗಿತ್ತು. ಅಮ್ಮ ಸಣ್ಣ ಕನ್ನಡಿಯನ್ನು ನಲ್ಲಿಗೆ ಒರಗಿಸಿ, ಬೆಂಕಿಕಡ್ಡಿಯ ತುದಿಯಿಂದ ಚಿಪ್ಪಿಗೆ ಗಮ್ಮು ಹಚ್ಚುತ್ತಿದ್ದಳು.

"ಅದು ಮಣಿ ಗಮ್ಮಲ್ವಾ?" ಎಂದಳು ಅಜ್ಜಿ.

ಅಮ್ಮ ತಿರುಗಲಿಲ್ಲ. "ಹೌದು, ಅತ್ತೆ."

"ಎಷ್ಟನೇ ಸಲ?"

"ಲೆಕ್ಕ ಇಟ್ಟಿಲ್ಲ."

"ಹೊಟ್ಟೆಗೆ ಹೋದ್ರೆ ಗತಿಯೇನು?"

"ಚೂರೇ ಚೂರು ಹಚ್ತೀನಿ."

"ಚೂರಾದ್ರೆ ಅದೇನು ಸಕ್ಕರೆ ಆಗುತ್ತಾ? ಹೇಳಿಬಿಡು ಅವಳಿಗೆ."

"ಮೇಷ್ಟ್ರು ನೋಡಿ ಆಗಲಿ ಅತ್ತೆ. ಮೇಜು ಸಿಗಲಿ ಅವಳಿಗೆ. ಆಮೇಲೆ ಅನ್ನದಲ್ಲಿ ಕಲ್ಲು ಸಿಕ್ಕಿ ಬಿತ್ತು ಅಂತ ಹೇಳ್ತೀನಿ."

"ಅನ್ನ ಮಾಡೋಳು ನಾನು. ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?" ಎಂದು ಅಜ್ಜಿ ಗದರಿದಳು. ಆದರೆ ಒಳಗೆ ಬಂದು, ಜಾರುತ್ತಿದ್ದ ಕನ್ನಡಿಯನ್ನು ನೆಟ್ಟಗೆ ಹಿಡಿದು ನಿಂತಳು. ಅವಳ ಬಾಯಲ್ಲೂ ಆಗ ಹಲ್ಲಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಕನ್ನಡಿಯಲ್ಲಿ ಕಂಡರು. ವಸಡು ಕೆಂಪಾಗಿ ಊದಿದ್ದನ್ನು ಅಜ್ಜಿ ನೋಡಿದಳು. ಆವತ್ತಿನಿಂದ ಅನ್ನವನ್ನು ಇನ್ನಷ್ಟು ಮೆತ್ತಗೆ ಮಾಡತೊಡಗಿದಳು. ಪುಟ್ಟಿ ಗಂಜಿ ಯಾಕೆ ಎಂದು ಸಿಡುಕಿದರೆ, ನನಗೆ ವಯಸ್ಸಾಯಿತು ಕಣೇ, ನೀರಿನ ಅಂದಾಜು ತಪ್ಪಿತು ಎನ್ನುತ್ತಿದ್ದಳು.

ಲ್ಯಾಬಿನಲ್ಲಿ ಅದೇ ಹೊತ್ತಿಗೆ ಇನ್ನೊಂದು ನಡೆಯಿತು. ಪುಟ್ಟಿಯ ಕೈ ಚೆನ್ನಾಗಿದೆ ಎಂಬ ವಿಶ್ವಾಸದ ಮೇಲೆ ಮೇಷ್ಟ್ರು ಮುಂಚಿತವಾಗಿಯೇ ಅವಳಿಗೊಂದು ಮುಂದಿನ ಹಲ್ಲು ಕೊಟ್ಟಿದ್ದರು. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಮೆಟ್ಟಿಲಿನಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದಳು. ಅಮ್ಮನ ಹಲ್ಲಿನ ಭಯ ಪುಟ್ಟಿಯ ಕೈಗೆ ಹೊಕ್ಕಿತ್ತು. ಮತ್ತೆ ಒಳಗಿನದು ಇಣುಕಬಾರದು ಎಂದು ಪದರದ ಮೇಲೆ ಪದರ ಹಚ್ಚಿದಳು. ಹಲ್ಲು ಕ್ಲಿನಿಕ್ಕಿನಿಂದ ಮರುದಿನವೇ ವಾಪಸಾಯಿತು. ಬಾಯಲ್ಲಿ ಅಂಗಿಯ ಗುಂಡಿ ಇಟ್ಟ ಹಾಗಿದೆ ಎಂದು ಆ ಹುಡುಗಿ ಅತ್ತಳಂತೆ.

ಪುಟ್ಟಿ ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಂದವಳು ಬಟ್ಟೆ ಬದಲಾಯಿಸಿ, ಯಾರೂ ಹೇಳದೆ ಪಾತ್ರೆಗಳನ್ನೆಲ್ಲ ತೊಳೆದಳು. ಇವಳು ಹೇಳಿಸಿಕೊಳ್ಳದೆ ಪಾತ್ರೆ ತೊಳೆದರೆ ಮನೆಗೆ ಏನೋ ಕೇಡು ಎಂದು ಅಜ್ಜಿ ಅಪ್ಪನ ಕಿವಿಯಲ್ಲಿ ಹೇಳಿದಳು.

ರಜೆಯ ದಿನ ಬಂತು. ನಾಲ್ವರೂ ಹಗಲು ಊಟಕ್ಕೆ ಒಟ್ಟಿಗೆ ಕೂರುತ್ತಿದ್ದುದು ಆ ದಿನ ಮಾತ್ರ. ಕಿಟಕಿಯಿಂದ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಪುಟ್ಟಿ ತಲೆ ಬಗ್ಗಿಸಿ, ಬೇರೆ ಯಾರದೋ ವಿಷಯ ಹೇಳುವವಳಂತೆ, ಹುಡುಗಿಯ ಹಲ್ಲು ವಾಪಸ್ ಬಂದದ್ದನ್ನು ಹೇಳಿದಳು. ಮೇಷ್ಟ್ರು ಕರೆಸುವವರೆಗೆ ಕಾಯುವುದಿಲ್ಲ, ನಾಳೆಯೇ ಹೋಗಿ ಮತ್ತೆ ಪ್ಲಾಸ್ಟರ್ ಕೋಣೆಗೆ ಹಾಕಿ ಎಂದು ಕೇಳುತ್ತೇನೆ ಎಂದಳು.

"ಇಷ್ಟು ಕಲಿತು ಮತ್ತೆ ಪ್ಲಾಸ್ಟರಾ?" ಎಂದ ಅಪ್ಪ.

"ಪ್ಲಾಸ್ಟರಿಗೆ ಬಣ್ಣ ನೋಡಬೇಕಾಗಿಲ್ಲಪ್ಪ. ಬಿಳಿ ಒಂದೇ. ನನಗೆ ಅಷ್ಟೇ ಸಾಕು."

"ಒಂದು ಹಲ್ಲು ಕೆಟ್ಟಿದ್ದಕ್ಕೆ..."

"ಒಂದಲ್ಲ." ಪುಟ್ಟಿ ಅಮ್ಮನ ಕಡೆ ನೋಡದೆ ಹೇಳಿದಳು. "ಇಲ್ಲಿ ಕೂತಿದಾವಲ್ಲ ನಾಲ್ಕು. ನನ್ನ ಕಲಿಕೆಗೆ ಅಂತ ಅಮ್ಮನ ಗಟ್ಟಿ ಹಲ್ಲು ಉಜ್ಜಿಸಿದೆ. ಅದು ಮತ್ತೆ ಬರಲ್ಲ. ದಿನಾ ಉಣ್ಣೋಕೆ ಕೂತ್ರೆ ಗಂಟಲಲ್ಲಿ ಇಳಿಯಲ್ಲ ನನಗೆ."

ಅಜ್ಜಿ ಸೊಸೆಯ ಮುಖ ನೋಡಿದಳು. ಈ ಸಲ ಚಮಚ ಬೀಳಿಸಲಿಲ್ಲ.

ಅಮ್ಮ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿಕೊಂಡಳು. ಎಡಗೈಯ ಹೆಬ್ಬೆರಳನ್ನು ಬಾಯಿಗೆ ತಂದು, ವಸಡಿನ ಹತ್ತಿರ ಉಗುರು ಕೊಟ್ಟು ಮೆಲ್ಲಗೆ ಒತ್ತಿದಳು. ಹಲ್ಲು ಕಳಚಿತು. ಅದನ್ನು ಪುಟ್ಟಿಯ ತಟ್ಟೆಯ ಪಕ್ಕ ಮೇಜಿನ ಮೇಲೆ, ಬಿಸಿಲು ಬಿದ್ದ ಕಡೆ ಇಟ್ಟಳು.

"ನಿನ್ನ ಕೈ ಕೆಟ್ಟಿಲ್ಲ," ಎಂದಳು. ಚಿಪ್ಪಿಲ್ಲದ ಹಲ್ಲಿನಿಂದ ಮಾತು ಸ್ವಲ್ಪ ಗಾಳಿಯಾಗಿ ಬಂತು. "ದಾರ ಕಚ್ಚಿದೆ, ಬಿತ್ತು. ಮಣಿ ಗಮ್ಮು ಹಚ್ಚಿದೆ. ಆ ಹಳದಿ ಗಮ್ಮಿಂದು."

ಪುಟ್ಟಿ ಚಿಪ್ಪನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು. ಹಿಂಬದಿಯಲ್ಲಿ ರಬ್ಬರಿನ ಹಾಗೆ ಕಂದು ಪೊರೆ ಹತ್ತಿಕೊಂಡಿತ್ತು. ಕುಡಿಯುವ ನೀರಿನಲ್ಲಿ ಅದ್ದಿ, ಉಗುರಿನಿಂದ ಆ ಪೊರೆಯನ್ನು ತುದಿಯಿಂದ ತುದಿಗೆ ಸುಲಿದು ತೆಗೆದಳು. ಬೆಳಕಿಗೆ ಹಿಡಿದಳು. ಬಣ್ಣ ಅವಳು ಮಾಡಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಅವಳ ಭುಜ ಇಳಿದದ್ದನ್ನು ಅಪ್ಪ ಕಂಡ, ಸದ್ಯ ಎಂದುಕೊಂಡ. ಆದರೆ ಅವಳು ಅಮ್ಮನ ಕಡೆ ತಿರುಗಿದಾಗ ಮುಖ ಬಿಗಿದಿತ್ತು.

"ಇಷ್ಟು ವಾರ ನೋಡ್ತಾ ಕೂತಿದ್ಯಲ್ಲಮ್ಮ. ನಾನು ನನ್ನ ಕೈನೇ ಬೈಕೊಳ್ತಿದ್ದೆ. ನೀನು ಎದುರಿಗೇ ಕೂತಿದ್ದೆ."

"ನಿನ್ನ ಮೇಜು ತಪ್ಪಬಾರದು ಅಂತ..."

"ನನ್ನ ಮೇಜು ನಾನೇ ತಪ್ಪಿಸ್ಕೊಂಡೆ. ನೀನು ನೋಡ್ತಾ ಇದ್ದಾಗಲೇ."

ಸೊಸೆಯೊಬ್ಬಳ ಮೇಲೆ ಎಲ್ಲ ಬೀಳುವುದನ್ನು ಸಹಿಸದೆ ಅಜ್ಜಿ, ತನಗೂ ಗೊತ್ತಿತ್ತು, ಕನ್ನಡಿ ಹಿಡಿದವಳು ತಾನೇ ಎಂದು ಒಪ್ಪಿಕೊಂಡಳು. ಅಪ್ಪ ಗಂಟಲು ಸರಿಮಾಡಿಕೊಂಡು, ಆ ಬಲ್ಬು ಬದಲಾಯಿಸಿದ್ದು ಕರೆಂಟು ಉಳಿಸೋಕಲ್ಲ ಎಂದ. ಪುಟ್ಟಿ ಮೊದಲ ಸಲ ತಲೆಯೆತ್ತಿ ದೀಪ ನೋಡಿದಳು.

"ನನಗೊಬ್ಬಳಿಗೆ ಹೇಳಬಾರದು ಅಂತ ಮೂರೂ ಜನ ಮೀಟಿಂಗ್ ಮಾಡಿದ್ರಾ?"

"ಇಲ್ಲಮ್ಮ," ಎಂದ ಅಪ್ಪ ಬೇಸರದಿಂದ. "ಮೀಟಿಂಗ್ ಮಾಡಿದ್ರೆ ಯಾರಾದ್ರೂ ಒಬ್ಬರು ಬೇಡ ಅಂತಿದ್ರು."

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಪುಟ್ಟಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅಮ್ಮನನ್ನು ಕ್ಲಿನಿಕ್ಕಿಗೆ ಕರೆದೊಯ್ದವನು ಅಪ್ಪ. ಸೂಜಿಗೆ ಹೆದರುವವನು ಹೊರಗಿನ ಬೆಂಚಿನಲ್ಲಿ ಕೂರದೆ ಒಳಗೇ ಬಂದು, ಗೋಡೆಯ ಕಡೆ ಮುಖ ಮಾಡಿ ನಿಂತ. ಡಾಕ್ಟರಮ್ಮ ಬಯ್ಯಲಿಲ್ಲ. ಗಮ್ಮಿನ ಟ್ಯೂಬ್ ತಂದಿದ್ದೀರಾ ಎಂದು ಕೇಳಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಕನ್ನಡಕ ಸರಿಮಾಡಿಕೊಂಡು ಓದಿದರು. ಅಂಟು ಹಲ್ಲಿನ ಒರಟು ಮೈಯೊಳಗೆ ಇಳಿದು ಗಟ್ಟಿಯಾಗಿತ್ತು. ಕೆರೆದು ತೆಗೆಯುವಾಗ ಹಲ್ಲೂ ಸ್ವಲ್ಪ ಹೋಯಿತು, ಅಂಚಿನಲ್ಲಿ ಒಂದು ಚೂರು ಮೆತ್ತಗಾಗಿ ಕೆಟ್ಟಿತ್ತು. ಇನ್ನು ಆ ಚಿಪ್ಪು ಅದರ ಮೇಲೆ ಕೂರುವುದಿಲ್ಲ, ವಸಡು ವಾಸಿಯಾದ ಮೇಲೆ ಹಲ್ಲನ್ನು ಸುತ್ತಲೂ ಉಜ್ಜಿ ತಗ್ಗಿಸಿ ಪೂರ್ತಿ ಕ್ಯಾಪೇ ಹಾಕಬೇಕು ಎಂದರು. ಸದ್ಯಕ್ಕೆ ತಾತ್ಕಾಲಿಕವಾಗಿ ಒಂದು ಪ್ಲಾಸ್ಟಿಕ್ಕಿನ ಹಲ್ಲು ಹಾಕಿ ಕಳಿಸಿದರು.

ಮನೆಗೆ ಬರುವಾಗ ಅಪ್ಪ ಬಸ್ಸಿನಲ್ಲಿ ಅಮ್ಮನನ್ನು ಕಿಟಕಿಯ ಕಡೆ ಕೂರಿಸಿ, ಗಾಳಿ ಹಲ್ಲಿಗೆ ಬಡಿಯದಂತೆ ಗಾಜು ಎಳೆದ.

ಪುಟ್ಟಿ ಅಷ್ಟರಲ್ಲಿ ಮೇಷ್ಟ್ರಿಗೆ ಎಲ್ಲವನ್ನೂ ತಾನೇ ಹೇಳಿದ್ದಳು. ಇದು ಮನೆಯವರಿಗೆ ಗೊತ್ತಾದದ್ದು ಅಜ್ಜಿಯ ಮೂಲಕ. ಆ ದಿನಗಳಲ್ಲಿ ಪುಟ್ಟಿ ಮಾತಾಡುತ್ತಿದ್ದುದು ಅಜ್ಜಿಯೊಬ್ಬಳ ಹತ್ತಿರ ಮಾತ್ರ, ಅದೂ ಬೇಕಾದಷ್ಟೇ. ಮೇಷ್ಟ್ರು ಚಿಪ್ಪನ್ನು ತಿರುವಿ ಮುರುವಿ ನೋಡಿ, ಕೆಲಸದಲ್ಲಿ ತಪ್ಪೇನೂ ಇಲ್ಲ ಎಂದರಂತೆ. ಪುಟ್ಟಿಯ ಮುಖ ಅರಳುವ ಮೊದಲೇ ಇನ್ನೊಂದು ಮಾತು ಕೇಳಿದರಂತೆ: ಬಣ್ಣ ತಿರುಗಿದೆ ಅಂತ ನಿನಗೆ ಕಂಡಿತಲ್ಲ, ಆವತ್ತೇ ಅಮ್ಮನನ್ನು ಯಾಕೆ ಇಲ್ಲಿಗೆ ಕರೆದುಕೊಂಡು ಬರಲಿಲ್ಲ? ಅಂಟು ಹಚ್ಚಿದ್ದು ನಿಮ್ಮಮ್ಮ, ಮುಚ್ಚಿಟ್ಟಿದ್ದು ಇಬ್ಬರೂ ಎಂದರು ಮೇಷ್ಟ್ರು. ಮುಂದಿನ ಹಲ್ಲಿನ ಮೇಜು ಈಗಲೇ ಇಲ್ಲ. ಕಾಲೇಜಿನ ಹುಡುಗಿಯ ಹಲ್ಲನ್ನು ಅವರ ಪಕ್ಕದಲ್ಲೇ ಕೂತು ಮತ್ತೆ ಮಾಡಬೇಕು. ಅಮ್ಮನ ಕ್ಯಾಪನ್ನು ಬೇಕಾದರೆ ಲ್ಯಾಬಿನ ಹಿರಿಯರೊಬ್ಬರು ಮಾಡುತ್ತಾರೆ, ಯೋಚಿಸಿ ಹೇಳು.

"ಏನು ಯೋಚಿಸಿದಾಳಂತೆ?" ಎಂದು ಅಮ್ಮ ಅಕ್ಕಿ ಆರಿಸುತ್ತಾ ಕೇಳಿದಳು.

"ನನ್ನನ್ನ ಕೇಳಿದ್ರೆ? ಅವಳನ್ನ ಕೇಳು."

"ನನ್ನ ಹತ್ರ ಮಾತಾಡಲ್ವಲ್ಲ."

"ನೀನೂ ಒಂದಷ್ಟು ವಾರ ಮಾತಾಡಿರಲಿಲ್ಲ," ಎಂದಳು ಅಜ್ಜಿ. ಆಡಿದ ಮೇಲೆ ಮಾತು ಖಾರವಾಯಿತೆನ್ನಿಸಿ, ಸೊಸೆಯ ಮುಂದಿನ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದ ಅಕ್ಕಿಯನ್ನು ತಾನೇ ಆರಿಸಿದಳು.

ದಿನಗಳು ಹೀಗೆಯೇ ಹೋದವು. ಪುಟ್ಟಿ ಅಮ್ಮನಿಗೆ ಬಡಿಸುತ್ತಿದ್ದಳು, ನೀರು ಇಡುತ್ತಿದ್ದಳು, ಹಲ್ಲಿಗೆ ಕೊಟ್ಟ ಮಾತ್ರೆಯನ್ನು ಲೋಟದ ಪಕ್ಕ ಮರೆಯದೆ ಇಡುತ್ತಿದ್ದಳು. ಮುಖ ಮಾತ್ರ ನೋಡುತ್ತಿರಲಿಲ್ಲ. ದಿಟ್ಟಿಸಿ ನೋಡುತ್ತಿದ್ದ ಕಣ್ಣೇ ವಾಸಿಯಿತ್ತು ಎಂದು ಅಮ್ಮನಿಗೆ ಅನ್ನಿಸಿತು. ಮ್ಯಾಚ್ ಆಗದ ಪ್ಲಾಸ್ಟಿಕ್ ಹಲ್ಲು ಇಟ್ಟುಕೊಂಡು ಹೊಲಿಯುತ್ತಾ ಕೂತಿರುತ್ತಿದ್ದಳು, ಬಟ್ಟೆ ತೆಗೆದುಕೊಂಡು ಹೋಗಲು ಬಂದವರ ಜೊತೆ ತುಟಿ ಮುಚ್ಚಿಯೇ ಮಾತಾಡುತ್ತಿದ್ದಳು.

ವಸಡಿನ ಊತ ಇಳಿಯಿತು. ಡಾಕ್ಟರಮ್ಮ ಹಲ್ಲನ್ನು ತಗ್ಗಿಸಿ, ಅಳತೆ ತೆಗೆದು ಲ್ಯಾಬಿಗೆ ಕಳಿಸಿದರು. ಅದರ ಮರುದಿನ ಬೆಳಿಗ್ಗೆ ಪುಟ್ಟಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಒಳಗೆ ತಿರುಗದೆಯೇ ಹೇಳಿದಳು:

"ಅಮ್ಮ, ಮಧ್ಯಾಹ್ನ ಲ್ಯಾಬಿಗೆ ಬಾ. ಬಣ್ಣ ನೋಡಬೇಕು. ತುಟಿಗೆ ಏನೂ ಹಚ್ಚಿಕೊಂಡು ಬರಬೇಡ."

"ನೀನೇ ಮಾಡ್ತೀಯಾ?" ಎಂದಳು ಅಮ್ಮ. ಪುಟ್ಟಿ ಆಗಲೇ ಮೆಟ್ಟಿಲಿಳಿದಿದ್ದಳು.

ಅಮ್ಮ ಆ ಲ್ಯಾಬನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಉದ್ದನೆಯ ಕೋಣೆ, ಗೋಡೆಗಳಿಗೆ ಬೂದು ಬಣ್ಣ, ಸಾಲಾಗಿ ಕೂತವರ ಮುಂದೆಲ್ಲ ಯಾರಾರದೋ ದವಡೆಗಳು. ಪುಟ್ಟಿಯ ಜಾಗ ದವಡೆ ಹಲ್ಲಿನವರ ಸಾಲಿನ ಕೊನೆಯಲ್ಲಿತ್ತು. ಮೇಜು ಒಪ್ಪವಾಗಿತ್ತು, ಕುಂಚಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿದ್ದವು. ಮನೆಯಲ್ಲಿ ಹಾಸಿಗೆ ಮಡಿಸದವಳು ಇವಳೇನಾ ಎಂದು ಅಮ್ಮನಿಗೆ ಕೇಳಬೇಕೆನ್ನಿಸಿತು. ಪುಟ್ಟಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪ್ಲಾಸ್ಟಿಕ್ ಹಲ್ಲನ್ನು ತೆಗೆದು, ತುಟಿಗಳು ಮುಚ್ಚದಂತೆ ಹಿಡಿಯುವ ಸಾಧನವನ್ನು ಬಾಯಿಗೆ ಕೂರಿಸಿದಳು. ಅಮ್ಮನ ಹಲ್ಲು, ವಸಡು, ತಗ್ಗಿಸಿದ ಬೋಳು ಹಲ್ಲು ಎಲ್ಲವೂ ಬಯಲಾದವು. ಮಾತಾಡುವ ಹಾಗಿರಲಿಲ್ಲ.

ಪುಟ್ಟಿ ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಹಿಡಿದು, ಪಕ್ಕದ ಹಲ್ಲಿನ ಜೊತೆ ತೂಗಿ ನೋಡುತ್ತಾ, ಅಮ್ಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡತೊಡಗಿದಳು. ಆ ಹುಡುಗಿಯ ಹಲ್ಲು ಈ ಸಲ ಸರಿಯಾಯಿತು ಎಂದಳು. ಮೇಷ್ಟ್ರು ಮೇಜು ಯಾವಾಗ ಕೊಡುತ್ತಾರೋ ಗೊತ್ತಿಲ್ಲ, ಕೊಡದೆಯೂ ಇರಬಹುದು ಎಂದಳು. ನಿನ್ನ ಕ್ಯಾಪನ್ನು ಬೇರೆಯವರಿಗೆ ಬಿಡೋಣ ಅಂತ ಎರಡು ಸಲ ಬಾಯಿಗೆ ಬಂತು, ಸಿಟ್ಟಿಗೆ ಅಲ್ಲ, ಭಯಕ್ಕೆ ಎಂದಳು. ಅಮ್ಮ ಗಂಟಲಿನಿಂದ ಏನೋ ಸದ್ದು ಮಾಡಿದಳು. ಸುಮ್ಮನಿರು, ಅಲುಗಾಡಬೇಡ ಎಂದಳು ಪುಟ್ಟಿ.

ಬೋಳು ಹಲ್ಲಿನ ಅಂಚಿಗೆ ಮಾದರಿ ಹಲ್ಲಿನ ತುದಿ ತಾಕಿತು. ಅಮ್ಮನ ರೆಪ್ಪೆ ಅದುರಿತು.

"ನೋವಾಗುತ್ತಾ?" ಎಂದಳು ಪುಟ್ಟಿ.

ಅಮ್ಮ ಇಲ್ಲವೆಂದು ತಲೆಯಾಡಿಸಿದಳು.

ಪುಟ್ಟಿ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟಳು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಮ್ಮನ ಗಲ್ಲವನ್ನು ಅಂಗೈಯಲ್ಲಿ ಹಿಡಿದು, ಇಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕಣ್ಣನ್ನೇ ನೋಡಿದಳು.

"ಅಮ್ಮ. ನೋವಾಗುತ್ತಾ?"

ಈ ಸಲ ಅಮ್ಮ ಹೌದೆಂದು ತಲೆಯಾಡಿಸಿದಳು.

"ಸರಿ ಹಾಗಾದ್ರೆ," ಎಂದಳು ಪುಟ್ಟಿ, "ಸ್ವಲ್ಪ ಹೊತ್ತು ಬಿಟ್ಟು ನೋಡೋಣ."